ತಟ್ಟೆ ತೊಳೆದು ಕುಡಿದದ್ದು

ಶ್ರೀಲಂಕಾದ ಆ ಗುಡ್ಡದ ಊರು ಮುಟ್ಟುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗಿತ್ತು. ಚನ್ನಗಿರಿಯಿಂದ ಬೆಂಗಳೂರಿಗೆ ರಾತ್ರಿಯೆಲ್ಲ ಬಸ್ಸು, ಅಲ್ಲಿಂದ ವಿಮಾನ, ಇಳಿದ ಮೇಲೆ ಮತ್ತೆ ಆರು ತಾಸು ತಿರುವುಗಳಲ್ಲಿ ಕುಲುಕಾಡುವ ಬಸ್ಸು. ಜೊತೆಗೆ ಬರಬೇಕಿದ್ದ ಹೊನ್ನಾಳಿಯ ತಂಗಿ ಕೊನೇ ಗಳಿಗೆಯಲ್ಲಿ ಮೊಣಕಾಲು ನೋವೆಂದು ಕೈಯೆತ್ತಿದ್ದಳು. ಶಾಲೆಯ ನೌಕರಿಯಿಂದ ನಿವೃತ್ತಳಾದ ವರ್ಷವೇ ಹೊರದೇಶ ನೋಡಬೇಕೆಂಬ ಹಟ ನನ್ನದು. ಅನುಭವಿಸು ಎಂದು ನನಗೆ ನಾನೇ ಬೈದುಕೊಂಡೆ.

ಉಳಿದುಕೊಂಡದ್ದು ಒಂದು ಸಂಸಾರದ ಮನೆಯಲ್ಲಿ. ಮುಂದಿನ ಎರಡು ಕೋಣೆ ಬಂದವರಿಗೆ, ಹಿಂದೆ ಅವರ ವಾಸ. ಮನೆಯೊಡತಿ ನನ್ನ ವಯಸ್ಸಿನವರು, ಸಿಂಹಳ ಬಿಟ್ಟು ಬೇರೆ ಮಾತು ಬಾರದು. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬದ ಸೊಸೆಗೆ ಒಂದಿಷ್ಟು ಇಂಗ್ಲಿಷ್ ಬರುತ್ತಿತ್ತು. ಮಾಂಸ, ಮೀನು ಮುಟ್ಟುವುದಿಲ್ಲ ಎಂದು ಅವಳಿಗೇ ಹೇಳಿದ್ದೆ. ಮಧ್ಯಾಹ್ನ ಅವಳೇ ಬಡಿಸಿದಳು: ಅನ್ನ, ತೆಂಗಿನಹಾಲಿನ ಬೇಳೆ, ಹಸಿ ಕಾಯಿತುರಿಯ ಖಾರದ ಚಟ್ನಿ. ರುಚಿಯಾಗಿತ್ತು, ಆದರೆ ನಿದ್ದೆಯ ಮುಂದೆ ಹಸಿವು ಸತ್ತುಹೋಗಿತ್ತು. ಎರಡನೇ ಸಲ ಅನ್ನ ತಂದಾಗ ತಟ್ಟೆಗೆ ಕೈ ಅಡ್ಡ ಹಿಡಿದು ಸಾಕೆಂದೆ. ಅವಳು ಒಳಗೆ ಹೋದಳು.

ಉಂಡ ತಟ್ಟೆಗೆ ನೀರು ಹಾಕಿ, ಬೆರಳಿಂದ ಬಳಿದು, ಆ ನೀರು ಕುಡಿದೆ. ನಮ್ಮ ಮನೆಯಲ್ಲಿ ನಾನು ಹುಟ್ಟಿದಾಗಿನಿಂದ ಹೀಗೇ. ಉಣ್ಣುವುದು ಪ್ರಸಾದ, ಒಂದು ಅಗುಳೂ ಬಚ್ಚಲಿಗೆ ಹೋಗಬಾರದು. ಕತ್ತೆತ್ತಿದರೆ ಬಾಗಿಲಲ್ಲಿ ಮನೆಯೊಡತಿ. ಅವರ ಮುಖ ಸಣ್ಣಗಾಯಿತು. ದಡಬಡಿಸಿ ಹೋಗಿ ಪಾತ್ರೆ ಸಮೇತ ಅನ್ನ ತಂದರು. ಹೊಟ್ಟೆ ತುಂಬಿದೆ ಎಂದು ಸನ್ನೆ ಮಾಡಿದೆ, ಕೈ ಮುಗಿದೆ, ಅವರು ನಂಬಲಿಲ್ಲ. ಇನ್ನು ನನ್ನಿಂದಾಗದು ಎಂದು ಕೋಣೆಗೆ ಹೋಗಿ ಮಂಚಕ್ಕೆ ಬಿದ್ದೆ.

ಐದು ನಿಮಿಷಕ್ಕೆ ಗೋಡೆಯಾಚೆ ಶುರುವಾಯಿತು. ಅತ್ತೆ ಸೊಸೆಯನ್ನು ಬೈಯುತ್ತಿದ್ದಾರೆ ಎಂದು ತಿಳಿಯಲು ಸಿಂಹಳ ಬರಬೇಕಿಲ್ಲ. ಬಂದವರನ್ನು ಅರೆಹೊಟ್ಟೆಯಲ್ಲಿ ಎಬ್ಬಿಸಿದೆಯಲ್ಲ, ನಾಳೆ ಫೋನಿನಲ್ಲಿ ನಮ್ಮ ಮನೆಯ ಬಗ್ಗೆ ಏನು ಬರೆಯುತ್ತಾರೋ ಎಂಬುದೇ ಅದರ ಸಾರ ಇರಬೇಕು. ನಮ್ಮಂಥವರು ಬರೆಯುವ ನಾಲ್ಕು ಸಾಲಿನ ಮೇಲೇ ಆ ಮನೆಯ ಹೊಟ್ಟೆಪಾಡು. ನಡುನಡುವೆ ಅವಳದೊಂದು ಸಣ್ಣ ದನಿ ಏಳುತ್ತಿತ್ತು, ಅಡಗುತ್ತಿತ್ತು. ಆಮೇಲೆ ಅಳು. ನಾನು ಎದ್ದು ನಾಲ್ಕು ಹೆಜ್ಜೆ ಹಾಕಿದ್ದರೆ ಸಾಕಿತ್ತು. ಏಳಲಿಲ್ಲ. ಅಯ್ಯೋ, ಯಾವ ಮನೆಯಲ್ಲಿಲ್ಲ ಇದು, ಮೈಯಲ್ಲಿ ತ್ರಾಣವಿಲ್ಲ, ಎದ್ದ ಮೇಲೆ ಹೇಳಿದರಾಯಿತು ಅಂದುಕೊಂಡು ಮಗ್ಗುಲು ಬದಲಿಸಿದೆ. ಮೂವತ್ತು ವರ್ಷ ಮಕ್ಕಳಿಗೆ ನ್ಯಾಯ, ನೀತಿ ಎಂದು ಪಾಠ ಹೇಳಿದ ಹೆಂಗಸು ನಾನು.

ಇಳಿಹೊತ್ತಿಗೆ ತಂಗಿಯ ಫೋನು ಬಂದು ಎಚ್ಚರವಾಯಿತು. ನಗುತ್ತಾಳೆ ಅಂದುಕೊಂಡು ನಡೆದದ್ದನ್ನು ಹೇಳಿದೆ. ಅವಳು ನಗಲಿಲ್ಲ.

“ಅಲ್ಲಕ್ಕಾ, ಆ ಹುಡುಗಿದೇನು ತಪ್ಪೈತೆ? ಎದ್ದು ಹೇಳಾಕೆ ನಿಂಗೇನು ಧಾಡಿ ಆಗಿತ್ತು?” ಅಂದಳು. “ಮೊದ್ಲು ಹೋಗು. ನನ್ ಜೊತಿಗೆ ಆಮೇಲೆ ಮಾತಾಡೀಯಂತೆ.”

ಅಡುಗೆಮನೆಯಲ್ಲಿ ಸೊಸೆ ಕಾಯಿ ತುರಿಯುತ್ತಿದ್ದಳು. ಕಣ್ಣು ಊದಿದ್ದವು. ಅತ್ತೆ ಒಲೆಯ ಮುಂದಿದ್ದರು. ನನ್ನ ಹರಕು ಇಂಗ್ಲಿಷಿನಲ್ಲಿ ಎಲ್ಲ ಬಿಡಿಸಿ ಹೇಳಿದೆ. ತನ್ನದೇನೂ ತಪ್ಪಿಲ್ಲ ಎಂಬುದನ್ನು ಆ ಹುಡುಗಿ ತಾನೇ ಸಾಲುಸಾಲಾಗಿ ಅತ್ತೆಗೆ ತಿಳಿಸಬೇಕಾಯಿತು. ಅವರು ಎರಡೆರಡು ಸಲ ಕೇಳಿ, ಕೊನೆಗೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನನ್ನ ತೋಳು ಹಿಡಿದು ಅಲುಗಾಡಿಸಿ, ಸೊಸೆಯ ಬೆನ್ನು ತಟ್ಟಿ, ಚಹಾಪುಡಿ ತರಲು ಅಂಗಡಿಗೆ ಹೊರಟರು. ಅವರ ಮಟ್ಟಿಗೆ ಮುಗಿದಿತ್ತು.

ಸೊಸೆ ತುರಿಯುವುದನ್ನು ನಿಲ್ಲಿಸಿದಳು.

“ಅತ್ತೆ ಬೈಯುವಾಗ ನಿಮಗೆ ನಿದ್ದೆ ಬಂದಿತ್ತಾ?” ಎಂದು ಕೇಳಿದಳು.

ಹೂಂ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆ ಊದಿದ ಕಣ್ಣುಗಳ ಮುಂದೆ ಬಾಯಿಗೆ ಸುಳ್ಳು ಬರಲಿಲ್ಲ.

“ಇಲ್ಲ, ಕೇಳಿಸ್ತಾ ಇತ್ತು,” ಎಂದೆ.

ಅವಳು ತಲೆಯಾಡಿಸಿದಳು, ಇನ್ನೊಂದು ಹೋಳು ಕೈಗೆತ್ತಿಕೊಂಡಳು. ಆ ರಾತ್ರಿ ನನಗೆ ಬಡಿಸಿದವರು ಅತ್ತೆ. ಉಳಿದ ಮೂರು ದಿನವೂ ಅವರೇ. ಸೊಸೆ ನಾನು ಉಣ್ಣುವ ಕಡೆ ಬರಲಿಲ್ಲ.