ನಾಲೆಗೆ ಬೀಳದ ಗುಂಡ

ಗುಂಡ ನಾಲೆಗೆ ಬಿದ್ದು ಸಾಯಲಿಲ್ಲ. ಅವನನ್ನು ಕೊಯ್ಯಲು ಕೊಟ್ಟವಳು ನಾನು.

ನನ್ನ ತಂಗಿ ನಾಗರತ್ನ ಬರೆದು ಚಿತ್ರ ಬಿಡಿಸಿದ ಈ ಪುಸ್ತಕ ಎರಡನೇ ಸಲ ಅಚ್ಚಾಗುತ್ತಿದೆ. ಅವಳಂತೂ ತೀರಿಹೋದಳು. ಪುಸ್ತಕದ ಕೊನೆಯಲ್ಲಿ ನಿಮ್ಮದೂ ಎರಡು ಮಾತಿರಲಿ ಎಂದು ಅವಳ ಹಳೆಯ ವಿದ್ಯಾರ್ಥಿಗಳು ಕೇಳಿದರು. ನನ್ನಲ್ಲಿರುವುದು ಈ ಒಂದೇ ಮಾತು.

ನೀವು ನೋಡಿದಿರಿ — ಎಲ್ಲ ಪುಟದಲ್ಲೂ ನೀರಿದೆ. ನೀರಿನ ಮೇಲೆ ನಿಂತ ಬಂಡೂರು ಟಗರು ಗುಂಡ, ಜೊಂಡಿನ ನಡುವೆ ಅವನ ಕಣ್ಣು, ಮಂಜಿನಲ್ಲಿ ಅವನ ಬೆನ್ನಿನ ಗೆರೆ. ಸಾಕಿದ ಜೀವ ನಮ್ಮನ್ನು ಬಿಟ್ಟು ಹೋಗುವುದಿಲ್ಲ, ಸತ್ತ ಜಾಗದಲ್ಲೇ ನಮಗಾಗಿ ಕಾದಿರುತ್ತದೆ ಎಂದು ಅವಳು ನಂಬಿದ್ದಳು. ಆ ಜಾಗ ಹೇಳಿದ್ದು ನಾನು.

ನಾಗು ಮಳವಳ್ಳಿಯಲ್ಲಿ ಡ್ರಾಯಿಂಗ್ ಟೀಚರ್. ಮದುವೆಯಾಗದೆ ನಮ್ಮ ಮನೆಯಲ್ಲೇ ಇದ್ದಳು. ತಾಯಿ ಸತ್ತ ಮರಿಯೊಂದನ್ನು ಬಂಡೂರಿನಿಂದ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದಳು, ಬಾಟಲಿಯಲ್ಲಿ ಹಾಲು ಕುಡಿಸಿದಳು. ಅವಳು ಚಿತ್ರ ಬರೆಯುವಾಗ ಗುಂಡ ಪಕ್ಕದಲ್ಲೇ ಮಲಗಿ ಮೆಲುಕು ಹಾಕುತ್ತಿದ್ದ.

ನನ್ನ ಮಗಳ ಮದುವೆ ಮಾತಿಗೆ ಗಂಡಿನ ಕಡೆಯವರು ಬಂದಿದ್ದರು. ಅವರಲ್ಲಿ ಹಿರಿಯರೊಬ್ಬರು ಹಿತ್ತಿಲಿಗೆ ಕೈ ತೊಳೆಯಲು ಹೋದವರು ಗುಂಡನ ಬೆನ್ನ ಮೇಲೆ ಬೆರಳಾಡಿಸಿ ನಕ್ಕರು. “ಏನವ್ವಾ, ಬೀಗ್ರೂಟಕ್ಕೆ ಇವುನ್ನೇ ಮೇಯಿಸ್ತಾ ಇದ್ದೀರಾ?”

“ಊ ಕಣಣ್ಣ, ನಿಮ್ಗೇ ಅಂತ್ಲೇ,” ಎಂದೆ.

ತಮಾಷೆಗೆ ಅಂದೆ — ಹಾಗೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ತಮಾಷೆಯಾಗಿದ್ದರೆ ಆಮೇಲಾದರೂ ಇಲ್ಲವೆನ್ನಬಹುದಿತ್ತು. ಮದುವೆ ಮುಗಿದು ಬೀಗರಿಗೆ ಬಾಡೂಟ ಹಾಕುವ ದಿನ ಬಂತು. ಸಾಕಾಗುವಷ್ಟು ಬೇರೆ ಕುರಿಗಳಿದ್ದವು. ಆದರೂ ಆ ಹಿರಿಯರು ಬಂದು, ಆ ಟಗರು ಎಲ್ಲವ್ವಾ ಎಂದರೆ? ಮಗಳು ಬಾಳಬೇಕಾದ ಮನೆ…

ಬೆಳಿಗ್ಗೆ ನಾಗು ಸ್ನಾನಕ್ಕೆ ಹೋದಾಗ ಗುಂಡನಿಗೆ ಮೊಳಕೆ ಹುರುಳಿ ತೋರಿಸಿದೆ. ನಮ್ಮಿಬ್ಬರನ್ನು ಬಿಟ್ಟರೆ ಅವನು ಯಾರ ಹಿಂದೆಯೂ ಹೋಗುತ್ತಿರಲಿಲ್ಲ. ಹಿತ್ತಿಲ ನುಗ್ಗೆಮರದ ಹಿಂದೆ ಕೊಯ್ಯುವವರು ಕಾಯುತ್ತಿದ್ದರು. ಕುರಿ ಕೊಯ್ಯುವ ಕಡೆ ನಾಗು ತಲೆ ಹಾಕುವವಳಲ್ಲ. ಅಲ್ಲಿಯವರೆಗೂ ಗುಂಡ ನನ್ನ ಅಂಗೈ ನೆಕ್ಕುತ್ತ ಬಂದ.

“ಅಕ್ಕ, ಗುಂಡ ಎಲ್ಲಿ?”

“ಅಗ್ಗ ಕಿತ್ಕೊಂಡು ಓಡೋಗಿ ನಾಲೆಗೆ ಬಿದ್ಬುಟ್ಟ ಕಣೇ. ನನ್ ಕಣ್ಮುಂದೇನೇ ನೀರು ಎಳ್ಕೊಂಡ್ ಓಯ್ತು.”

ನಾವು ಪಂಕ್ತಿಯಲ್ಲಿ ಬಡಿಸುತ್ತಿದ್ದಾಗ ಅವಳು ನಾಲೆ ಏರಿಯ ಮೇಲೆ ಅವನ ಹೆಸರು ಕೂಗುತ್ತ ನಡೆಯುತ್ತಿದ್ದಳು. ಸಂಜೆ ಬಂದಾಗ ಕಿತ್ತುಹೋದ ಚಪ್ಪಲಿ ಕೈಯಲ್ಲಿತ್ತು. “ಎಲ್ಲಾ ತೂಬ್ ತಾವೂ ನೋಡ್ದೆ ಕಣಕ್ಕ. ಸಿಗ್ನಿಲ್ಲ.” ಬೆಳಗಿನಿಂದ ಏನೂ ತಿಂದಿರಲಿಲ್ಲ. ತಟ್ಟೆಗೆ ಮುದ್ದೆ ಇಟ್ಟೆ, ಸಾರು ಹಾಕಿದೆ — ಯಾವ ಪಾತ್ರೆಯದೆಂದು ನನಗೆ ಗೊತ್ತಿತ್ತು. ಬೇಳೆ ಸಾರೂ ಇತ್ತು. ಅದನ್ನು ಹಾಕಿದರೆ ಯಾಕೆ ಎಂದು ಕೇಳಿಬಿಟ್ಟಾಳೆಂದು… ಅವಳು ಉಂಡಳು. ನಾನು ಎದುರಿಗೇ ಕೂತಿದ್ದೆ.

ಅಂದಿನಿಂದ ಪ್ರತಿ ಮಹಾಲಯ ಅಮಾವಾಸ್ಯೆಗೆ, ಮನೆಯಲ್ಲಿ ಹಿರಿಯರಿಗೆ ಎಡೆ ಇಟ್ಟ ಮೇಲೆ, ಅವಳು ಮೊಳಕೆ ಹುರುಳಿಯನ್ನು ಎಲೆಯಲ್ಲಿ ಕಟ್ಟಿಕೊಂಡು ನಾಲೆಗೆ ಹೋಗುತ್ತಿದ್ದಳು. ನಾನೂ ಜೊತೆಗೆ ಹೋಗಿದ್ದೇನೆ. ಕೈ ಮುಗಿದಿದ್ದೇನೆ.

ಹಾಸಿಗೆ ಹಿಡಿದ ಕೊನೆಯ ದಿನಗಳಲ್ಲಿ ಅವಳು ಕೇಳಿದಳು: “ನೀನೊಬ್ಳೇ ಕಣಕ್ಕ ನೋಡಿದ್ದು. ಎದ್ರುಕೊಂಡಿದ್ನಾ?”

ಇಲ್ಲ ಎಂದೆ. ಅದೊಂದು ನಿಜ. ಅವನು ಹೆದರಿರಲಿಲ್ಲ, ನನ್ನನ್ನು ನಂಬಿದ್ದ — ಅವಳ ಹಾಗೆಯೇ. ಆಗಲಾದರೂ ಹೇಳಬೇಕಿತ್ತು. ಹೇಳಲಿಲ್ಲ.

ಮೊನ್ನೆ ಮದ್ದೂರಿನಿಂದ ಒಬ್ಬ ಹೆಂಗಸು ಪುಸ್ತಕ ಓದಿ ಬಂದರು. ತಾವು ಸಾಕಿದ್ದ, ಈಗ ಸತ್ತುಹೋದ ನಾಯಿಯ ಕೊರಳಪಟ್ಟಿ ತಂದಿದ್ದರು. “ನಿಮ್ ತಂಗಿಯವ್ರ ಗುಂಡ ಬಿದ್ದ ಜಾಗ ತೋರಿಸ್ರವ್ವಾ,” ಎಂದರು. ಬೆರಳು ತೋರಿಸಿದೆ. ಅವರು ಅಲ್ಲಿ ಕೂತು ಅತ್ತರು. ಅವರ ಕ್ಷಮೆಯನ್ನೂ ಕೇಳುವ ಮುಖ ನನಗಿಲ್ಲ.

ಈ ಅಮಾವಾಸ್ಯೆಗೆ ನಾನು ನಾಲೆಗೆ ಹೋಗುವುದಿಲ್ಲ. ಹುರುಳಿಯನ್ನು ನುಗ್ಗೆಮರದ ಹಿಂದೆ ಇಡುತ್ತೇನೆ. ನಾಗೂ, ನೀನು ಈಗಲೂ ಅವನನ್ನು ಹುಡುಕುತ್ತಿದ್ದರೆ — ನೀರಿನ ಕಡೆ ಹೋಗಬೇಡ. ಹಿತ್ತಿಲಿಗೆ ಬಾ. ನಾನು ಅಲ್ಲೇ ಇರುತ್ತೇನೆ.