ಡಿಸ್ಕೌಂಟ್ ಜೊತೆ ಬರುವ ಇನ್ನೊಂದು ಕೀ

ತಿಂಗಳಿಗೆ ಎರಡು ಸಾವಿರ ರೂಪಾಯಿ. ಕಳೆದ ಭಾನುವಾರ ಕೊಚ್ಚಿಯ ಕಾಕ್ಕನಾಡಿನ ಒಂದು ಫ್ಲ್ಯಾಟಿನಲ್ಲಿ ನಾನು ಬೆವರು ಸುರಿಸಿ ಗೆದ್ದ ಈ ಡಿಸ್ಕೌಂಟನ್ನು ನಮ್ಮ ವಿನುತಾ ಅಲ್ಲೇ, ನನ್ನ ಕಣ್ಣೆದುರೇ ವಾಪಸ್ ಕೊಟ್ಟುಬಿಟ್ಟಳು. ಕಾರಣ? ಒಂದು ಕೀ.

ಚೌಕಾಸಿಯಲ್ಲಿ ನನ್ನ ಕೈ ಎಂಥದ್ದು ಅಂತ ನಿಮಗೆ ಗೊತ್ತು (ಗೊತ್ತಿಲ್ಲದವರಿಗೆ ನಾನೇ ಹೇಳುತ್ತಿರುತ್ತೇನೆ). ಮೈಸೂರಿನಿಂದ ಬರಿಗೈಯಲ್ಲಿ ಬಂದು ವೈಟ್ಟಿಲದಲ್ಲಿ ಹಳೇ ಆಫೀಸ್ ಫರ್ನಿಚರ್ ಅಂಗಡಿ ಹಾಕಿದವನು ನಾನು. ಹಾಗಾಗಿ ಕೊಚ್ಚಿಯ ಕನ್ನಡದ ಹುಡುಗ ಹುಡುಗಿಯರು ಮನೆ ನೋಡಲು ಹೊರಟರೆ ನನ್ನನ್ನೂ ಎಳೆದುಕೊಂಡು ಹೋಗುತ್ತಾರೆ.

ವಿನುತಾ ಮಂಡ್ಯದವಳು. ಇಲ್ಲಿನ ಐಟಿ ಪಾರ್ಕಿನಲ್ಲಿ ಟೆಸ್ಟರ್. ಓಡಾಟವೆಲ್ಲ ಬ್ಯಾಟರಿ ವೀಲ್‌ಚೇರಿನಲ್ಲಿ. ಸ್ನಾನ ಮಾಡಿಸಿ ಕುರ್ಚಿಗೆ ಕೂರಿಸಲು ಸಿಂಧು ಎಂಬಾಕೆಯನ್ನು ತಾನೇ ಇಂಟರ್‌ವ್ಯೂ ಮಾಡಿ, ತಾನೇ ಸಂಬಳ ಕೊಟ್ಟು ಇಟ್ಟುಕೊಂಡಿದ್ದಾಳೆ. ಇಷ್ಟು ದಿನ ಇದ್ದದ್ದು ಅಣ್ಣನ ಮನೆಯಲ್ಲಿ. ಅತ್ತಿಗೆ ಮಲಗಿಸಿದಾಗ ನಿದ್ದೆ, ಅಣ್ಣನಿಗೆ ಬಿಡುವಾದಾಗ ಸಿನಿಮಾ. ಈಗ ಅವಳಿಗೆ ಬೇರೆ ಮನೆ ಬೇಕು. ಒಬ್ಬಳಿಗೇ.

ಓನರ್ ರಿಟೈರ್ಡ್ ಆಫೀಸರ್. ಬಾಡಿಗೆ ಮನೆಯ ಪಕ್ಕದ ಫ್ಲ್ಯಾಟಿನಲ್ಲೇ ವಾಸ, ಮಾತುಕತೆಯೂ ಅಲ್ಲೇ. ಒಳ್ಳೆಯ ಮನುಷ್ಯ (ತೊಂದರೆ ಕೊಡುವವರೆಲ್ಲ ಒಳ್ಳೆಯ ಮನುಷ್ಯರೇ, ಗಮನಿಸಿದ್ದೀರಾ?). ಎದುರಿಗಿದ್ದ ವಿನುತಾಳನ್ನು ಬಿಟ್ಟು ನನ್ನನ್ನೇ ಕೇಳಿದರು:

"ಮೋಳ್ ಬೆಳಗ್ಗೆ ಎಷ್ಟು ಹೊತ್ತಿಗೆ ಏಳ್ತಾಳೆ?"

ಮೂವತ್ತು ದಾಟಿದ ಈಕೆ ಅವರಿಗೆ 'ಮೋಳ್', ಅಂದರೆ ಮಗಳು. ನಾನು ಮಾತ್ರ 'ಸಾರ್'. ಅವಳು ಏಳುವ ಹೊತ್ತು ನನಗೇನು ಗೊತ್ತು? ಆದರೂ "ಆರಕ್ಕೆ ಸಾರ್" ಅಂದೆ. ವ್ಯಾಪಾರ ಕೆಡಬಾರದಲ್ಲ.

"ಭಾನುವಾರ ಹತ್ತಕ್ಕೆ," ಅಂದಳು ವಿನುತಾ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

"ಒಬ್ಬಳೇ ಹೇಗೆ ಇರ್ತಾಳೆ ಸಾರ್?" ಮತ್ತೆ ನನಗೇ ಪ್ರಶ್ನೆ. ಅಷ್ಟರಲ್ಲಿ ಹೆಂಡತಿ ಅವರ ಕೈಗೆ ಚಾಯ ಕೊಟ್ಟರು. ಡ್ರೈವರ್ ಕಾರು ಒರೆಸಿ ಕೀ ತಂದಿಟ್ಟ. ಇಸ್ತ್ರಿಯವನು ಶರ್ಟು ತಂದ. ಯಾರ ನೆರವೂ ಇಲ್ಲದೆ ಬದುಕುವ ಆ ಮನುಷ್ಯ ಚಾಯ ಹೀರುತ್ತಾ ಉತ್ತರಕ್ಕೆ ಕಾದರು.

ನಾನು ಅಸ್ತ್ರ ಬಿಟ್ಟೆ. ಮುಖ ಸಣ್ಣ ಮಾಡಿ, ವೀಲ್‌ಚೇರ್ ಕಡೆ ಒಮ್ಮೆ ನೋಡಿ, ಉಸಿರೆಳೆದು "ಪಾಪದ ಹುಡುಗಿ ಸಾರ್..." ಅಂದೆ.

ಎರಡು ಸಾವಿರ ಇಳಿಯಿತು! ತೊಟ್ಟಿಕ್ಕುವ ನಲ್ಲಿ ತೋರಿಸಿ ಗಂಟಲು ಹರಿದುಕೊಂಡರೂ ನೂರು ರೂಪಾಯಿ ಇಳಿಸದ ಊರಿದು.

ಆದರೆ ಡಿಸ್ಕೌಂಟಿನ ಹಿಂದೆಯೇ ಅದರ ಸಂಸಾರವೂ ಬಂತು. ಇನ್ನೊಂದು ಕೀ ತಮ್ಮ ಹೆಂಡತಿಯ ಹತ್ತಿರ ಇರಲಿ, ಆಗಾಗ ಬಂದು ನೋಡಿ ಹೋಗುತ್ತಾರೆ. ಸಿಂಧುವನ್ನು ಬದಲಾಯಿಸುವುದಾದರೆ ತಮಗೊಂದು ಮಾತು ಹೇಳಲಿ. ರಾತ್ರಿ ಬರುವುದು ತಡವಾದರೆ ಅಣ್ಣನಿಗೆ ಫೋನ್ ಹೋಗುತ್ತದೆ. "ಎಲ್ಲಾ ಮೋಳ್‌ಗೋಸ್ಕರ."

"ಆಯ್ತು ಸಾರ್," ಎಂದು ನಾನು ಕೈ ಚಾಚಿದ್ದೆ.

"ನಾಗಣ್ಣ, ಇದೂ ನಮ್ಮಣ್ಣನ ಮನೆನೇ ಕಣಣ್ಣ," ಅಂದಳು ವಿನುತಾ. "ಬಾಡಿಗೆ ಬೇರೆ ಕಟ್ಬೇಕು, ಅಷ್ಟೆಯ."

ಆಮೇಲೆ ವೀಲ್‌ಚೇರನ್ನು ನಮ್ಮಿಬ್ಬರ ನಡುವೆ ತಂದು ನಿಲ್ಲಿಸಿ, ಓನರ್‌ಗೆ ಇಂಗ್ಲಿಷಿನಲ್ಲಿ ಹೇಳಿದಳು: "ಅಂಕಲ್, ಬಾಡಿಗೆ ಪೂರ್ತಿ ಕೊಡ್ತೀನಿ. ಕೀಗಳನ್ನೂ ಪೂರ್ತಿ ಕೊಡಿ. ಎರಡೂ."

"ಒಳಗೆ ಬಿದ್ದುಬಿಟ್ಟರೆ?"

"ಸಿಂಧುಗೆ ಫೋನ್ ಮಾಡ್ತೀನಿ. ನೀವು ಬಿದ್ರೆ ಆಂಟಿನ ಕೂಗ್ತೀರಲ್ಲ, ಹಾಗೆ. ನೀವು ಬೀಳಬಹುದು ಅಂತ ಪಕ್ಕದ ಮನೆಯವರು ನಿಮ್ಮ ಕೀ ಇಟ್ಕೊಂಡಿದಾರಾ?"

ಆಂಟಿ ಸೆರಗಿನ ಮರೆಯಲ್ಲಿ ನಕ್ಕರು. ಓನರ್ ನನ್ನ ಮುಖ ನೋಡಿದರು. ನಾನು ಫ್ಯಾನ್ ನೋಡಿದೆ. ಬೇರೆ ದಾರಿಯಿಲ್ಲದೆ ಅವರು ಅವಳನ್ನೇ ನೋಡಬೇಕಾಯಿತು.

"ಮ್ಯಾಡಂ, ಅಡ್ವಾನ್ಸ್ ಯಾವಾಗ ಹಾಕ್ತೀರಿ?"

ಮೋಳ್‌ಗೆ ಪ್ರಮೋಷನ್! ಎರಡೂ ಕೀ ಅವಳ ಬ್ಯಾಗಿಗೆ ಬಿದ್ದವು.

ತಿರುವನಂತಪುರದಲ್ಲಿ ಅವಳ ವೀಲ್‌ಚೇರ್ ಗೆಳೆಯರ ಒಂದು ಗುಂಪಿದೆ. ಅವರು ಸೆಕ್ರೆಟೇರಿಯಟ್ ಮುಂದೆ ಕೂತು ಇದನ್ನೇ ಕೂಗುತ್ತಾರಂತೆ: ನೆರವು ಬೇಕು, ಯಜಮಾನ ಬೇಡ. ಲಿಫ್ಟಿನಲ್ಲಿ ಹೇಳಿದಳು. ನನಗೋ ಎರಡು ಸಾವಿರದ್ದೇ ಸಂಕಟ.

ಮನೆ ಹುಡುಕುವವರಿಗೆ ಒಂದು ಪುಕ್ಕಟೆ ಸಲಹೆ. ಯಾರಾದರೂ ಕರುಣೆಯಿಂದ ಬಾಡಿಗೆ ಇಳಿಸಿದರೆ ಥ್ಯಾಂಕ್ಸ್ ಹೇಳುವ ಮೊದಲು ಕೇಳಿ: ಇನ್ನೊಂದು ಕೀ ಯಾರ ಹತ್ತಿರ ಇರುತ್ತದೆ?