ವೇದಾವತಿ ಗುಡಿಸಿ ಹಾಕಿದ ನಾಲ್ಕು ವರ್ಷನ್‌ಗಳು

ಕಡಿಯಾಳಿಯ ವೇದಾವತಿಗೆ ಹಳೆಯದನ್ನು ಕಂಡರೆ ಆಗುವುದಿಲ್ಲ. ಮುಚ್ಚಳ ಸಡಿಲವಾದ ಡಬ್ಬಿ, ಒಂಟಿ ಚಪ್ಪಲಿ, ಕಳೆದ ವರ್ಷದ ಪಂಚಾಂಗ, ಯಾವುದೂ ಅವಳ ಮನೆಯಲ್ಲಿ ಎರಡು ದಿನ ಬಾಳುವುದಿಲ್ಲ. ಗಂಡ ರಘುಪತಿ ಶಾಲೆಯಲ್ಲಿ ಸಂಸ್ಕೃತ ಮೇಷ್ಟ್ರು. ಹೆಂಡತಿಯ ಕಣ್ಣಿಗೆ ಬೀಳದಂತೆ ತಮ್ಮ ಹಳೆಯ ಪುಸ್ತಕಗಳನ್ನು ಮಂಚದ ಕೆಳಗೆ ತಳ್ಳಿ ಹೇಗೋ ಬದುಕಿಕೊಂಡಿದ್ದಾರೆ. "ನನ್ನನ್ನು ಬಿಸಾಡಲಿಲ್ಲವಲ್ಲ, ಅದೇ ದೊಡ್ಡದು" ಎಂದು ಅವರು ಹೇಳುವುದುಂಟು. ಹೇಳುವಾಗ ಸ್ವರ ತಗ್ಗಿಸಿಕೊಳ್ಳುತ್ತಾರೆ.

ಅವಳು ಹುಟ್ಟಿದ್ದು ಅಜೆಕಾರಿನಲ್ಲಿ. ಪಿಯುಸಿ ಮುಗಿಸಿ ಕಾರ್ಕಳದ ಡಿಟಿಪಿ ಅಂಗಡಿಯೊಂದರಲ್ಲಿ ಮದುವೆಯ ಕರೆಯೋಲೆ ಟೈಪ್ ಮಾಡಲು ಸೇರಿದಳು. ಆರು ವರ್ಷ ಊರವರ ಮದುವೆಗೆಲ್ಲ ಅಕ್ಷರ ಜೋಡಿಸಿ, ಏಳನೆಯ ವರ್ಷ ತನ್ನ ಕರೆಯೋಲೆಯನ್ನೂ ತಾನೇ ಟೈಪ್ ಮಾಡಿ ಕಡಿಯಾಳಿಗೆ ಬಂದಳು. ಮಣಿಪಾಲದ ಸಣ್ಣದೊಂದು ಸಾಫ್ಟ್‌ವೇರ್ ಕಚೇರಿಯವರು ಅವಳನ್ನು ತೆಗೆದುಕೊಂಡದ್ದೂ ಟೈಪಿಂಗ್‌ಗೇ. ಅಲ್ಲಿ ಒಂದು ಕಪ್ಪು ಪರದೆ ಇತ್ತು. ಮೌಸ್ ಇಲ್ಲ, ಚಿತ್ರ ಇಲ್ಲ, ಬರೀ ಅಕ್ಷರಗಳಲ್ಲಿ ಆಜ್ಞೆ ಕೊಟ್ಟು ಕೆಲಸ ಮಾಡಿಸಬೇಕು. ಹೊಸಬರೆಲ್ಲ ಅದಕ್ಕೆ ಹೆದರುತ್ತಿದ್ದರು. ವೇದಾವತಿಗೆ ಎಂತ ಹೆದರಿಕೆ? ಟೈಪ್ ಮಾಡುವುದು ತಾನೆ! ನೋಡಿ ನೋಡಿ ಕಲಿತಳು, ಕೇಳಿ ಕೇಳಿ ತಲೆ ತಿಂದಳು. ಹದಿನಾಲ್ಕು ವರ್ಷವಾಗುವಷ್ಟರಲ್ಲಿ ಕಚೇರಿಯ 'ಬಿಲ್ಡ್ ಮೆಷಿನ್' ಅವಳ ಸುಪರ್ದಿಗೆ ಬಂತು. ಯಾರು ಯಾವ ಪ್ರೋಗ್ರಾಮ್ ಬರೆದರೂ ಅದನ್ನು ಸಿದ್ಧಪಡಿಸಿ ಗಿರಾಕಿಗೆ ಕಳಿಸುವುದು ಆ ಒಂದು ಕಂಪ್ಯೂಟರಿನಿಂದಲೇ. ಟೈಪಿಸ್ಟ್ ಆಗಿ ಬಂದವಳಿಗೆ ಅದು ಸಣ್ಣ ಮಾತಲ್ಲ.

ಈ ಸಲದ ಆಯುಧ ಪೂಜೆಯ ಹಿಂದಿನ ದಿನ ಎಂದಿನಂತೆ ಕಚೇರಿಯಲ್ಲಿ ತೊಳೆಯುವುದು ಒರೆಸುವುದು ನಡೆದಿತ್ತು. ವೇದಾವತಿ ಬಿಲ್ಡ್ ಮೆಷಿನ್ನಿನ ಕೀಬೋರ್ಡನ್ನು ಬ್ರಶ್ಶಿನಿಂದ ಉಜ್ಜಿದಳು, ಫ್ಯಾನಿನ ಧೂಳು ತೆಗೆದಳು. ಹೊರಗೆಲ್ಲ ಫಳಫಳ. ಒಳಗೆ? ಒಳಗೆ ಇಣುಕಿದರೆ, ಪ್ರೋಗ್ರಾಮ್ ಸಿದ್ಧಪಡಿಸುವ ಒಂದೇ ಟೂಲಿನ ಐದು ವರ್ಷನ್‌ಗಳು ಸಾಲಾಗಿ ಕುಳಿತಿದ್ದವು. ಎಂಟು, ಹತ್ತು, ಹನ್ನೆರಡು, ಹದಿನಾಲ್ಕು, ಮತ್ತೆ ಹೊಚ್ಚ ಹೊಸದಾದ ಇಪ್ಪತ್ತೆರಡು. ಹಿಂದೆ ಕೆಲಸಕ್ಕಿದ್ದವರು ಯಾರೋ ಕೂರಿಸಿ ಹೋದದ್ದು. ಹೊಸ ಗ್ರೈಂಡರ್ ಬಂದ ಮೇಲೆ ಹಳೆಯ ನಾಲ್ಕನ್ನು ಅಡುಗೆಮನೆಯಲ್ಲಿ ಯಾರಾದರೂ ಇಟ್ಟುಕೊಳ್ಳುತ್ತಾರಾ? ಒಂದೊಂದರ ನಂಬರನ್ನೂ ಪೂರ್ತಿ ಟೈಪ್ ಮಾಡಿ ಅವಳು ನಾಲ್ಕನ್ನೂ ತೆಗೆದು ಹಾಕಿದಳು. ಐದನ್ನೂ ಒಟ್ಟಿಗೆ ಸಂಭಾಳಿಸುತ್ತಿದ್ದ ಏರ್ಪಾಡನ್ನೂ ಕಸದ ಜೊತೆಗೇ ಗುಡಿಸಿದಳು. ಮರುದಿನ ಆ ಮೆಷಿನ್ನಿಗೆ ಸೇವಂತಿಗೆ ಮಾಲೆ ಹಾಕಿ ಕೈಮುಗಿಯುವಾಗ ಅವಳಿಗಿದ್ದ ಸಮಾಧಾನ ಅಷ್ಟಿಷ್ಟಲ್ಲ.

ರಜೆ ಮುಗಿದು ಶುಕ್ರವಾರ ಕಚೇರಿ ತೆರೆಯಿತು. ಕಾರ್ಕಳದ ಡಯಾಲಿಸಿಸ್ ಕೇಂದ್ರವೊಂದರ ಪ್ರೋಗ್ರಾಮಿನಲ್ಲಿ ಬದಲಾವಣೆಯಿತ್ತು. ಸೋಮವಾರದಿಂದ ಅಲ್ಲಿ ರೋಗಿಗಳ ಸಮಯ ಬದಲು. ಬಜಗೋಳಿಯಂಥ ಕಡೆಯಿಂದ ಬಸ್ಸು ಹಿಡಿದು ಬರುವವರ ಮೊಬೈಲಿಗೆ ಹೊಸ ಸಮಯದ ಸಂದೇಶ ಇವತ್ತು ಸಂಜೆಯೇ ಹೋಗಬೇಕು. ಆ ಬದಲಾವಣೆ ಬರೆದವನು ದುರ್ಗೇಶ. ಬಾಗಲಕೋಟೆ ಕಡೆಯವನು, ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಿದ್ದವನು, ಎರಡು ತಿಂಗಳ ಹಿಂದೆ ಹೆಂಡತಿಯೊಡನೆ ಮಣಿಪಾಲಕ್ಕೆ ಬಂದಿದ್ದ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅವನು ಬಿಲ್ಡ್ ಮೆಷಿನ್ನಿಗೆ ಆಜ್ಞೆ ಕೊಟ್ಟದ್ದೇ ತಡ, ಪರದೆ ತುಂಬ ತಪ್ಪು ತೋರಿಸುವ ಕೆಂಪು ಸಾಲುಗಳು.

ಕಚೇರಿಯ ಯಜಮಾನ ಸುಘೋಷ ಕೆಟ್ಟವನಲ್ಲ. ಆದರೆ ಅವಸರದ ಮನುಷ್ಯ.

"ಏಳು ವರ್ಷ ನಡೆದ ಪ್ರೋಗ್ರಾಮ್, ನೀವು ಕೈ ಹಾಕಿದ ಕೂಡಲೇ ನಿಂತಿತು ಅಂದ್ರೆ ಎಂತ ಅರ್ಥ ಮಾರಾಯ್ರೆ?" ಎಂದು ದುರ್ಗೇಶನನ್ನು ಎಲ್ಲರೆದುರೇ ಕೇಳಿದ. "ಇದು ಐದು ಗಂಟೆಯೊಳಗೆ ಕಾರ್ಕಳಕ್ಕೆ ಹೋಗಬೇಕು. ಹೋಗದಿದ್ರೆ ನೀವು ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು. ಬೇಜಾರು ಮಾಡ್ಬೇಡಿ."

ವೇದಾವತಿ ಕೆಂಪು ಸಾಲುಗಳನ್ನು ಓದಿದಳು. ಆ ಪ್ರೋಗ್ರಾಮ್ ತನ್ನ ಹಳೆಯ ಟೂಲನ್ನು ಕೇಳುತ್ತಿತ್ತು, ಇಪ್ಪತ್ತೆರಡನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ. ತಪ್ಪು ದುರ್ಗೇಶನದ್ದಲ್ಲ, ತನ್ನದು. ಆಗಲೇ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದರೆ ಮೆಷಿನ್ ಕೈತಪ್ಪುತ್ತದೆ, ಮತ್ತೆ ಟೈಪಿಂಗ್ ಮೇಜಿಗೆ ಕೂರಿಸುತ್ತಾರೆ ಎಂಬ ಭಯ. ಭಯವೆಂದರೆ ಭಯವೇ, ಅದಕ್ಕೆ ಬೇರೆ ಚಂದದ ಹೆಸರು ಕೊಡುವುದು ಬೇಡ.

ಗುಟ್ಟಾಗಿ ಸರಿ ಮಾಡಿಬಿಡೋಣ ಎಂದು ಕುಳಿತಳು. ಇಪ್ಪತ್ತೆರಡನ್ನು ತೆಗೆದು ಹದಿನಾಲ್ಕನ್ನು ಹಾಕಿದಳು. ಕಾರ್ಕಳದ್ದು ಅಲುಗಾಡಲಿಲ್ಲ. ಬದಲಿಗೆ ಪಕ್ಕದ ಮೇಜಿನಿಂದ ಅಕ್ಷಿತಾ ಕೂಗಿದಳು: "ವೇದಕ್ಕಾ, ಕಾಪುವಿನ ಐಸ್ ಪ್ಲಾಂಟಿನದ್ದು ಈಗ ಸರಿ ಇತ್ತು, ಈಗ ಇಲ್ಲ! ಎಂತಾಯ್ತು?" ಕಾಪುವಿನ ಪ್ರೋಗ್ರಾಮಿಗೆ ಇಪ್ಪತ್ತೆರಡೇ ಬೇಕು. ವೇದಾವತಿ ಗಡಿಬಿಡಿಯಲ್ಲಿ ಮೊದಲಿದ್ದಂತೆಯೇ ಮಾಡಿ, ಬೆವರು ಒರೆಸಿಕೊಂಡು, "ಕರೆಂಟ್ ಎಂತದೋ" ಎಂದು ಬುಡವಿಲ್ಲದ ಸುಳ್ಳು ಹೇಳಿದಳು.

ಮಧ್ಯಾಹ್ನ ಒಳಗಿನ ಊಟದ ಮೇಜಿನಲ್ಲಿ ದುರ್ಗೇಶ ಒಬ್ಬನೇ ಇದ್ದ. ಬುತ್ತಿ ತೆರೆದಿತ್ತು, ರೊಟ್ಟಿ ಮುಟ್ಟಿರಲಿಲ್ಲ. ಇವಳನ್ನು ಕಂಡು ತಾನಾಗಿಯೇ ಮಾತು ತೆಗೆದ.

"ಅಕ್ಕಾರ, ಹುಬ್ಬಳ್ಯಾಗ ನಮ್ಮಲ್ಲೆ ಒಂದ ಮ್ಯಾನೇಜರ್ ಪ್ರೋಗ್ರಾಮ್ ಇಟ್ಟಿದ್ವಿರಿ. ಎಷ್ಟ ವರ್ಷನ್ ಬೇಕಾದ್ರೂ ಒಂದ ಮಷೀನಿನ್ಯಾಗ ಇರತಾವ. ಪ್ರತಿ ಪ್ರಾಜೆಕ್ಟಿನ ಫೋಲ್ಡರಿನ್ಯಾಗ ಒಂದ ಸಣ್ಣ ಫೈಲು, ಅದರಾಗ ಬರೀ ನಂಬರ್. ನೀವು ಆ ಫೋಲ್ಡರಿನ್ಯಾಗ ಕಾಲಿಟ್ರ ಸಾಕು, ಅದ ನಂಬರಿನ ಟೂಲ್ ಮುಂದ ಬಂದ ನಿಲ್ಲತದ. ಒಂದಕ್ಕೊಂದು ಮುಟ್ಟಂಗಿಲ್ಲ."

"ಮಡಿಯ ಹಾಗೆ" ಎಂದಳು ವೇದಾವತಿ, ಆ ಹೊತ್ತಿನಲ್ಲೂ.

"ಹೌದ್ರಿ, ಹಂಗ ಅನ್ರಿ. ಆದ್ರ ಕಾರ್ಕಳದ್ದಕ್ಕ ಯಾವ ನಂಬರ್ ಬೇಕಂತ ಎಲ್ಲೂ ಬರದಿಲ್ಲಲ್ರಿ. ನೂರಾರು ವರ್ಷನ್ ಅದಾವ. ಒಂದೊಂದ ಹಾಕಿ ನೋಡೂದ್ರಾಗ ನನ್ನ ಕೆಲಸ ಮುಗದಿರತದ."

ನಂಬರುಗಳು ವೇದಾವತಿಯ ಬೆರಳ ತುದಿಯಲ್ಲಿದ್ದವು. ಟೈಪ್ ಮಾಡಿದ್ದನ್ನು ಅವಳ ಕೈ ಮರೆಯುವುದಿಲ್ಲ, ಹಳೆಯ ಕರೆಯೋಲೆಗಳ ಮುಹೂರ್ತ ಕೂಡ ಈಗಲೂ ನೆನಪುಂಟು. ಆದರೆ ನಂಬರ್ ಹೇಳಿದರೆ, ಅದು ತನಗೆ ಗೊತ್ತಾದದ್ದು ಹೇಗೆಂದೂ ಹೇಳಬೇಕು. ಅವಳು ರೊಟ್ಟಿಯನ್ನು ನೋಡಿದಳು. ಮುಂಜಾನೆ ಎದ್ದು ಯಾರೋ ಬಡಿದು ಕಟ್ಟಿಕೊಟ್ಟ ರೊಟ್ಟಿ ಅಂಚಿನಲ್ಲಿ ಒಣಗುತ್ತಿತ್ತು. ಆ ಮನೆಯಾಕೆಗೆ ಇವನು ಸಂಜೆ ಹೋಗಿ ಎಂತ ಹೇಳಬೇಕು?

"ನೂರಾರು ಬೇಡ, ನಾಲ್ಕೇ" ಎಂದಳು. "ಬರೆದುಕೊಳ್ಳಿ. ಎಂಟು ಪಾಯಿಂಟ್ ಹದಿನೇಳು. ಹತ್ತು ಪಾಯಿಂಟ್ ಹತ್ತೊಂಬತ್ತು. ಹನ್ನೆರಡು ಪಾಯಿಂಟ್ ಇಪ್ಪತ್ತೆರಡು. ಹದಿನಾಲ್ಕು ಬೇಡ, ಅದು ಆಗುವುದಿಲ್ಲ, ನಾನು ನೋಡಿ ಆಯ್ತು."

"ನಿಮಗ ಹೆಂಗ ಗೊತ್ರಿ?"

"ತೆಗೆದದ್ದು ನಾನೇ. ಪೂಜೆಗೆ ಕ್ಲೀನ್ ಮಾಡುವಾಗ. ಬೆಳಿಗ್ಗೆಯೇ ಗೊತ್ತಾಗಿತ್ತು ನನಗೆ. ನಿಮಗೆ ಬೈಯುವಾಗ ಸುಮ್ಮನೆ ನಿಂತೆ."

ದುರ್ಗೇಶನ ಮುಖ ಬಿಗಿದದ್ದು ಕಂಡಿತು. ಆಮೇಲೆ ಬುತ್ತಿ ಮುಚ್ಚಿ ಎದ್ದ. "ಮೊದಲ ಕೆಲಸ ಮಾಡೂಣ್ರಿ" ಎಂದ.

ಇಬ್ಬರೂ ಬಿಲ್ಡ್ ಮೆಷಿನ್ನಿನ ಮುಂದೆ ಕುಳಿತರು. ಅವನು ಹೇಳುವುದು, ಇವಳು ಟೈಪ್ ಮಾಡುವುದು. ಮ್ಯಾನೇಜರ್ ಬಂತು, ನಾಲ್ಕು ಹಳಬರೂ ಮರಳಿ ಬಂದರು. ಎಂಟು ಆಗಲಿಲ್ಲ. ಹತ್ತು ಹಾಕಿದಾಗ ಕೆಂಪು ಸಾಲು ಬರಬೇಕಾದಲ್ಲಿ ಬಿಳಿ ಸಾಲು ಬಂತು, ಮತ್ತೊಂದು ಬಂತು, ಮತ್ತೊಂದು. ಕೊನೆಗೆ 'ಯಶಸ್ವಿ' ಎಂಬರ್ಥದ ಹಸಿರು ಪದ. ಅಕ್ಷಿತಾಳ ಕಾಪು ಕೂಡ ತನ್ನ ಇಪ್ಪತ್ತೆರಡಿನಲ್ಲಿ ತಣ್ಣಗಿತ್ತು. ಗಂಟೆ ಮೂರೂವರೆ. ಸಿದ್ಧವಾದದ್ದನ್ನು ವೇದಾವತಿ ಕೂಡಲೇ ಕಾರ್ಕಳಕ್ಕೆ ಕಳಿಸಿದಳು.

"ಆತಲ್ರಿ ಅಕ್ಕಾರ. ಸರ್‌ಗೆ ಹೇಳೂದು ಬ್ಯಾಡ ಬಿಡ್ರಿ" ಎಂದ ದುರ್ಗೇಶ. ದೊಡ್ಡ ಮನಸ್ಸೇ. ಆದರೆ ಹೇಳದಿದ್ದರೆ ಕೆಡಿಸಿದವನೂ ಅವನೇ, ಸರಿ ಮಾಡಿದವನೂ ಅವನೇ ಎಂದಾಗುತ್ತಿತ್ತು. ವೇದಾವತಿ ನೆಟ್ಟಗೆ ಸುಘೋಷನ ಕೋಣೆಗೆ ಹೋಗಿ, ನಿಂತುಕೊಂಡೇ, ಒಂದೂ ಬಿಡದೆ ಹೇಳಿದಳು.

ಸುಘೋಷ ಪೆನ್ನು ಕೆಳಗಿಟ್ಟ. "ನೀವಾ ವೇದಕ್ಕ?"

"ಹೌದು ಸರ್. ಮೆಷಿನ್ ಬೇರೆ ಯಾರಿಗಾದ್ರೂ ಕೊಡುವುದಾದ್ರೆ ಕೊಡಿ."

"ಮೆಷಿನ್ ನಿಮ್ಮ ಹತ್ತಿರವೇ ಇರಲಿ. ಇನ್ನು ಮುಂದೆ ಒಳಗಿನದ್ದು ತೆಗೆಯುವ ಮೊದಲು ಒಂದು ಮಾತು ಕೇಳಿ, ಆಯ್ತಾ?" ಎಂದು ಎದ್ದು ಹೊರಗೆ ಬಂದ. ಬೆಳಿಗ್ಗೆ ಎಲ್ಲರೆದುರು ಬೈದದ್ದು ನೆನಪಿತ್ತೋ ಏನೋ, ಎಲ್ಲರೆದುರೇ ದುರ್ಗೇಶನಿಗೆ ಹೇಳಿದ: "ತಪ್ಪಾಯ್ತು ಮಾರಾಯ್ರೆ. ನಿಮ್ಮ ಖಾಯಂ ಪತ್ರ ಸೋಮವಾರ ಕೊಡ್ತೇನೆ."

ನಾಲ್ಕೂವರೆಗೆ ಕಾರ್ಕಳದ ಕೇಂದ್ರದಿಂದ ಝೀಟಾ ಎಂಬ ರಿಸೆಪ್ಷನಿಸ್ಟ್ ಫೋನ್ ಮಾಡಿದಳು. ಸಂದೇಶ ಎಲ್ಲರಿಗೂ ಹೋಗಿದೆ, ಬಜಗೋಳಿಯ ಅಜ್ಜಿಯೊಬ್ಬರು ಆಗಲೇ ವಾಪಸ್ ಫೋನ್ ಮಾಡಿ ಯಾವ ಬಸ್ಸಿಗೆ ಬರಲಿ ಎಂದು ಕೇಳಿದರಂತೆ. ವೇದಾವತಿ ಗಟ್ಟಿಯಾಗಿ ನಕ್ಕಳು. ಬೆಳಗಿನಿಂದ ಕಟ್ಟಿಕೊಂಡಿದ್ದ ಉಸಿರು ಆಗ ಪೂರ್ತಿ ಹೊರಗೆ ಬಂತು.

ನಗು ಮುಗಿಸಿ ತಿರುಗಿದಾಗ ದುರ್ಗೇಶ ಕಿಟಕಿಯ ಹತ್ತಿರ ನಿಂತು ಹೆಂಡತಿ ರಾಜಶ್ರೀಗೆ ಫೋನ್ ಮಾಡುತ್ತಿದ್ದ. ಮೆಲ್ಲಗೇ ಮಾತಾಡುತ್ತಿದ್ದ, ಆದರೂ ಕೇಳಿಸಿತು.

"ಮಧ್ಯಾಹ್ನ ಸಾಮಾನು ಕಟ್ಟು ಅಂದಿದ್ನಲ್ಲ... ಹೂಂ. ಎಷ್ಟ ಕಟ್ಟೀದಿ? ಬಿಚ್ಚು. ಹೌದ, ಎಲ್ಲಾ ಬಿಚ್ಚು, ಇಲ್ಲೇ ಇರೂಣು."